ಮರಳಿ ಬಂದ ಪದಗಳು: ಅನಿಮೆ ಅಭಿಮಾನಿಗಳ ನುಡಿಯಲ್ಲಿ ಜಪಾನೀ ಎರವಲುಗಳು

ಕನ್ನಡದಲ್ಲಿ ಎರವಲು ಪದಗಳ ವಿವೇಚನೆ ಹೊಸದಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ತತ್ಸಮ, ತದ್ಭವಗಳನ್ನು ಕುರಿತು ವಿಸ್ತಾರವಾಗಿಯೇ ಹೇಳಿದ್ದಾನೆ. ಅರಬ್ಬೀ, ಪಾರಸಿ, ಮರಾಠಿ, ಪೋರ್ಚುಗೀಸ್, ಇಂಗ್ಲಿಷ್ ಮೂಲದ ಪದಗಳನ್ನು ಕುರಿತ ಪಟ್ಟಿಗಳೂ ಪ್ರಬಂಧಗಳೂ ಆ ಬಳಿಕ ಬಂದಿವೆ. ಈ ವಿವೇಚನೆಯಲ್ಲೆಲ್ಲ ಬಹುಮಟ್ಟಿಗೆ ಒಂದು ಗೃಹೀತವಿದೆ. ಪದವೊಂದಕ್ಕೆ ಒಂದು ಮೂಲಭಾಷೆಯುಂಟು, ಒಂದು ಸ್ವೀಕರಣಭಾಷೆಯುಂಟು. ಇವೆರಡನ್ನು ಗುರುತಿಸಿ, ನಡುವೆ ಆದ ಧ್ವನಿವ್ಯತ್ಯಾಸವನ್ನೂ ಅರ್ಥವ್ಯತ್ಯಾಸವನ್ನೂ ತೋರಿಸಿದರೆ ಕೆಲಸ ಮುಗಿಯಿತು ಎಂಬುದೇ ಆ ಗೃಹೀತ. ಪದವು ಯಾವ ದಾರಿಯಲ್ಲಿ ಬಂದಿತು, ದಾರಿಯಲ್ಲಿ ಯಾರ ಬಾಯಲ್ಲಿ ಇದ್ದಿತು ಎಂಬ ಪ್ರಶ್ನೆ ಗೌಣವಾಗುತ್ತದೆ. ಈ ಗೃಹೀತ ಎಷ್ಟು ದೂರ ನಿಲ್ಲಬಲ್ಲುದು ಎಂಬುದನ್ನು ಪರೀಕ್ಷಿಸಲು ಜಪಾನೀ ಮೂಲದ ಕೆಲವು ಪದಗಳು ಒಳ್ಳೆಯ ಸಾಮಗ್ರಿಯಾಗಿವೆ. ಜಪಾನಿನ ಆನಿಮೇಷನ್ ಚಿತ್ರಗಳನ್ನು ಮೆಚ್ಚುವವರ ಬಳಗಗಳಲ್ಲಿ ಇವು ಬಳಕೆಯಲ್ಲಿವೆ. ಮುಂಬಯಿ, ದೆಹಲಿ, ಹೈದರಾಬಾದುಗಳ ಕನ್ನಡ ಮನೆಗಳ ಎಳೆಯರ ಮಾತಿನಲ್ಲಿಯೂ ಇವು ಈಗ ಕೇಳಿಬರುತ್ತಿರುವುದರಿಂದ ಹೊರನಾಡಿನ ಕನ್ನಡವನ್ನು ದಾಖಲಿಸುವವರಿಗೆ ಇದು ಕೇವಲ ಕುತೂಹಲದ ವಿಷಯವಾಗಿ ಉಳಿದಿಲ್ಲ.

ಜಪಾನಿನ ಈ ಚಿತ್ರಗಳು ಭಾರತಕ್ಕೆ ಹೊಸವೇನಲ್ಲ. 1990ರ ದಶಕದ ಮೊದಲ ಭಾಗದಲ್ಲಿ ದೂರದರ್ಶನವು ಹಿಂದಿಯಲ್ಲಿ ಬಿತ್ತರಿಸಿದ ‘ಜಂಗಲ್ ಬುಕ್’ ಸರಣಿಯು ಜಪಾನಿನಲ್ಲಿ 1989ರಲ್ಲಿ ತಯಾರಾದುದು. ಯೂಗೊ ಸಾಕೊ ಅವರ ನೇತೃತ್ವದಲ್ಲಿ ಭಾರತದ ರಾಮಮೋಹನ್ ಅವರೂ ಸೇರಿ ರೂಪಿಸಿದ ರಾಮಾಯಣದ ಚಿತ್ರ 1992ರದು. ಆದರೆ ಆಗ ಚಿತ್ರಗಳು ಬಂದುವೇ ಹೊರತು ಪದಗಳು ಬರಲಿಲ್ಲ. ಮೋಗ್ಲಿಯನ್ನು ನೋಡಿ ಬೆಳೆದ ತಲೆಮಾರಿಗೆ ಆ ಸರಣಿ ಜಪಾನಿನದು ಎಂಬ ಅರಿವೂ ಇರಲಿಲ್ಲವೆನ್ನಬಹುದು. ಪದಗಳು ಬಂದುದು ಬೇರೊಂದು ದಾರಿಯಿಂದ. ಅಮೆರಿಕದಲ್ಲಿ ಇಂಥ ಚಿತ್ರಗಳ ಅಭಿಮಾನಿಗಳ ಸಂಘವೊಂದು 1977ರಲ್ಲಿಯೇ ಲಾಸ್ ಏಂಜಲಿಸ್‌ನಲ್ಲಿ ಸ್ಥಾಪಿತವಾಗಿತ್ತು. ಮುಂದೆ ವಿಡಿಯೊ ಕ್ಯಾಸೆಟ್ಟುಗಳ ಮೂಲಕ, ತರುವಾಯ ಗಣಕಜಾಲದ ಮೂಲಕ, ಅಭಿಮಾನಿಗಳೇ ಇಂಗ್ಲಿಷ್ ಉಪಶೀರ್ಷಿಕೆಗಳನ್ನು ಬರೆದು ಚಿತ್ರಗಳನ್ನು ಹಂಚತೊಡಗಿದರು. ಈ ಉಪಶೀರ್ಷಿಕೆಗಳಲ್ಲಿ ಅನುವಾದಿಸದೆ ಉಳಿಸಿಕೊಂಡ ಜಪಾನೀ ಪದಗಳೇ ಈ ನುಡಿಯ ಮೊದಲ ಬಂಡವಾಳ. ಅಂದರೆ ನಮಗೆ ದೊರೆತಿರುವುದು ಜಪಾನಿನಿಂದ ಬಂದ ಜಪಾನೀ ಪದಗಳಲ್ಲ, ಇಂಗ್ಲಿಷಿನ ಒಂದು ಬಳಗದ ಕೈಯಲ್ಲಿ ಸವೆದು ಹೊಸ ಆಕಾರ ಪಡೆದ ಪದಗಳು. ಅವುಗಳ ಅರ್ಥ, ಧ್ವನಿ, ಕಡೆಗೆ ಅವುಗಳಲ್ಲಿ ಯಾವುವು ಆಯ್ಕೆಯಾದುವು ಎಂಬ ಸಂಗತಿ ಕೂಡ ಈ ದಾರಿಯಿಂದಲೇ ನಿರ್ಧಾರವಾಗಿದೆಯೆಂಬುದು ನಮ್ಮ ವಾದ.

‘ಅನಿಮೆ’ ಎಂಬ ಹೆಸರನ್ನೇ ಮೊದಲು ನೋಡಬಹುದು. ಇದರ ಮೂಲ ಜಪಾನೀ ಅಲ್ಲ. ಇಂಗ್ಲಿಷಿನ ‘ಆನಿಮೇಷನ್’ ಎಂಬುದು ಜಪಾನಿಗೆ ಹೋಗಿ ‘ಅನಿಮೇಶೊನ್’ ಆಯಿತು, ಬಳಿಕ ಬಾಲವನ್ನು ಕಳೆದುಕೊಂಡು ‘ಅನಿಮೆ’ ಆಯಿತು. ಜಪಾನೀಯರ ಮಾತಿನಲ್ಲಿ ಯಾವ ದೇಶದ ಆನಿಮೇಷನ್ ಚಿತ್ರವಾದರೂ ಅನಿಮೆಯೇ. ಡಿಸ್ನಿಯವರ ಚಿತ್ರವೂ ಅನಿಮೆಯೇ. ಇದೇ ಪದ ಇಂಗ್ಲಿಷಿಗೆ ಮರಳಿದಾಗ ಅಲ್ಲಿ ‘ಆನಿಮೇಷನ್’ ಎಂಬ ತಾಯಿಪದ ಮೊದಲೇ ಸ್ಥಾನ ಹಿಡಿದು ಕುಳಿತಿತ್ತು. ಒಂದೇ ಅರ್ಥಕ್ಕೆ ಎರಡು ಪದಗಳನ್ನು ಭಾಷೆ ಬಹುಕಾಲ ಸಾಕುವುದಿಲ್ಲ. ಹೀಗಾಗಿ ಮಗಳಿಗೆ ಕಿರಿದಾದ ಕೋಣೆಯೊಂದು ದೊರೆಯಿತು: ಜಪಾನಿನಲ್ಲಿ ತಯಾರಾದ ಆನಿಮೇಷನ್ ಮಾತ್ರ ಅನಿಮೆ. ‘ಮಂಗ’ ಎಂಬ ಪದಕ್ಕೂ ಇದೇ ಗತಿಯಾಯಿತು. ಹೊಕುಸಾಯ್ ಎಂಬ ಪ್ರಸಿದ್ಧ ಚಿತ್ರಕಾರನ ರೇಖಾಚಿತ್ರಗಳ ಸಂಪುಟಗಳು 1814ರಿಂದ ಈ ಹೆಸರಿನಲ್ಲಿಯೇ ಪ್ರಕಟವಾದುವು. ಇಂದು ಜಪಾನಿನಲ್ಲಿ ಎಲ್ಲ ಬಗೆಯ ಚಿತ್ರಕಥೆಗಳಿಗೂ ಅದು ಹೆಸರು, ಹೊರಗೆ ಜಪಾನಿನ ಚಿತ್ರಕಥೆಗಳಿಗೆ ಮಾತ್ರ. (ಜಪಾನೀ ಉಚ್ಚಾರಣೆಗೆ ನಿಷ್ಠರಾಗಿ ಬರೆದರೆ ಕನ್ನಡದಲ್ಲಿ ಈ ಪದ ಕೋತಿಯಾಗಿಬಿಡುತ್ತದೆ. ‘ಮಂಗಾ’ ಎಂದು ಕೊನೆಯ ಸ್ವರವನ್ನು ಎಳೆದು ಬರೆಯುವ ರೂಢಿಗೆ ಈ ಮುಜುಗರವೂ ಒಂದು ಕಾರಣವಿರಬಹುದು.)

ಇಂಥ ಅರ್ಥಸಂಕೋಚವನ್ನು ತಪ್ಪೆಂದು ಎಣಿಸುವವರಿದ್ದಾರೆ. ನಮಗೆ ಹಾಗೆ ತೋರುವುದಿಲ್ಲ. ಕನ್ನಡದ ‘ಹೋಟೆಲು’ ಊಟ ತಿಂಡಿಯ ಸ್ಥಳ. ಅಲ್ಲಿ ತಂಗುವ ಕೋಣೆಯಿಲ್ಲವೆಂದು ಇಂಗ್ಲಿಷ್ ನಿಘಂಟನ್ನು ಹಿಡಿದು ಯಾರೂ ವಾದಿಸುವುದಿಲ್ಲ. ದೆಹಲಿಯಲ್ಲಿರುವ ಕನ್ನಡಿಗರಿಗೆ ‘ಉಪನ್ಯಾಸ’ ಮತ್ತು ‘ಅವಸರ’ಗಳ ಫಜೀತಿ ಚೆನ್ನಾಗಿ ಗೊತ್ತು. ಕನ್ನಡಿಗನು ಉಪನ್ಯಾಸ ಮಾಡುತ್ತಾನೆ, ಹಿಂದಿಯವನು ಬರೆಯುತ್ತಾನೆ, ಏಕೆಂದರೆ ಅವನಿಗೆ ಅದು ಕಾದಂಬರಿ. ನಮ್ಮ ಅವಸರ ಆತುರ, ಅವರದು ಸದವಕಾಶ. ಮೂಲ ಒಂದೇ ಎಂಬುದರಿಂದ ಯಾರ ಅರ್ಥವೂ ಸುಳ್ಳಾಗುವುದಿಲ್ಲ.

ಈ ನುಡಿಯ ಅತ್ಯಂತ ಪ್ರಸಿದ್ಧ ಪದವಾದ ‘ಒತಕು’ವಿನ ಚರಿತ್ರೆ ಹೆಚ್ಚು ತೊಡಕಿನದು. ‘ತಕು’ ಎಂದರೆ ಮನೆ, ‘ಒ’ ಎಂಬುದು ಗೌರವಸೂಚಕ ಉಪಸರ್ಗ; ಒಟ್ಟಿನಲ್ಲಿ ‘ತಮ್ಮ ಮನೆ’. ಮನೆಯ ಹೆಸರಿನಿಂದ ಮನುಷ್ಯನನ್ನು ಸೂಚಿಸುವುದು ಕನ್ನಡಿಗರಿಗೆ ಅಪರಿಚಿತವಲ್ಲ. ‘ನಮ್ಮ ಮನೆಯವರು’ ಎಂದರೆ ಗಂಡ ಅಥವಾ ಹೆಂಡತಿ ಎಂದು ನಾವು ತಿಳಿಯುತ್ತೇವೆ. ಜಪಾನಿನಲ್ಲಿ ಪತ್ನಿಯು ಹೊರಗಿನವರೆದುರು ತನ್ನ ಗಂಡನನ್ನು ‘ತಕು’ ಎನ್ನುವುದುಂಟು, ಗಂಡನು ಹೆಂಡತಿಯನ್ನು ‘ಕನಾಯ್’, ಎಂದರೆ ಮನೆಯೊಳಗು, ಎನ್ನುವುದುಂಟು. ಇದೇ ನ್ಯಾಯದಿಂದ ‘ಒತಕು’ ಎಂಬುದು ‘ತಾವು’ ಎಂಬ ಅರ್ಥದ ಮಧ್ಯಮಪುರುಷ ಸರ್ವನಾಮವಾಯಿತು. ಮರ್ಯಾದೆಯ ಜೊತೆಗೆ ತುಸು ದೂರವನ್ನೂ ಕಾಯ್ದುಕೊಳ್ಳುವ ಸರ್ವನಾಮವಿದು. ಅನಿಮೆ ಮತ್ತು ಮಂಗಾಗಳ ಗೀಳು ಹತ್ತಿದ ತರುಣರು ಸ್ನೇಹಿತರ ನಡುವೆಯೂ ಪರಸ್ಪರ ಈ ಬಿಗುವಾದ ‘ತಾವು’ವನ್ನು ಬಳಸುತ್ತಿದ್ದರು. 1983ರಲ್ಲಿ ನಕಾಮೊರಿ ಅಕಿಯೊ ಎಂಬ ಲೇಖಕರು ‘ಮಂಗಾ ಬುರಿಕ್ಕೊ’ ಎಂಬ ಪತ್ರಿಕೆಯ ಅಂಕಣದಲ್ಲಿ ಈ ವಿಚಿತ್ರವನ್ನು ಹಿಡಿದು ಅಂಥ ತರುಣರಿಗೆಲ್ಲ ‘ಒತಕು’ ಎಂದು ನಾಮಕರಣ ಮಾಡಿದರು. ಅದು ಹೊಗಳಿಕೆಯಾಗಿರಲಿಲ್ಲ. 1989ರಲ್ಲಿ ಒಂದು ಘೋರ ಅಪರಾಧ ಪ್ರಕರಣದ ಆರೋಪಿಗೆ ಪತ್ರಿಕೆಗಳು ಇದೇ ಹೆಸರನ್ನು ಅಂಟಿಸಿದ ಮೇಲೆ ಪದದ ಮೇಲಿನ ಕಳಂಕ ಇನ್ನಷ್ಟು ದಟ್ಟವಾಯಿತು.

ಅಮೆರಿಕದ ಅಭಿಮಾನಿಗಳು ಇದೇ ಹೊತ್ತಿನಲ್ಲಿ ಪದವನ್ನು ಎತ್ತಿಕೊಂಡರು. ಅವರ ಕೈಗೆ ಸರ್ವನಾಮ ಬರಲಿಲ್ಲ, ಕಳಂಕವೂ ಬಹುಮಟ್ಟಿಗೆ ಬರಲಿಲ್ಲ. ‘ನಾನು ಒತಕು’ ಎಂದು ಹೆಮ್ಮೆಯಿಂದ ಹೇಳಿಕೊಳ್ಳಬಹುದಾದ ಬಿರುದು ಅದಾಯಿತು. 1994ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಆರಂಭವಾದ ಅಭಿಮಾನಿಗಳ ವಾರ್ಷಿಕ ಮೇಳ ‘ಒತಕಾನ್’ ಎಂಬ ಹೆಸರನ್ನೇ ಇಟ್ಟುಕೊಂಡಿತು. ತವರಿನಲ್ಲಿ ಬೈಗುಳವಾದುದು ಹೊರನಾಡಿನಲ್ಲಿ ಬಿರುದಾದ ಈ ನಿದರ್ಶನ ಅರ್ಥೋತ್ಕರ್ಷಕ್ಕೆ ಪಠ್ಯಪುಸ್ತಕದಲ್ಲಿ ಸೇರಿಸಬಹುದಾದಷ್ಟು ಸ್ಪಷ್ಟವಾಗಿದೆ. ಜಪಾನಿನಲ್ಲಿ ಇಂದು ರೈಲುಗಳ ಗೀಳಿನವನೂ ಒತಕು ಎನಿಸಿಕೊಳ್ಳುತ್ತಾನೆ, ಹೊರಗೆ ಅನಿಮೆ, ಮಂಗಾಗಳ ಅಭಿಮಾನಿ ಮಾತ್ರ. ಇನ್ನೊಂದು ಸೂಕ್ಷ್ಮವಿದೆ. ಜಪಾನೀಯರು ಪರದೇಶದ ಪದಗಳನ್ನು ಬರೆಯಲು ಸಾಮಾನ್ಯವಾಗಿ ಬಳಸುವ ‘ಕತಕನ’ ಲಿಪಿಯಲ್ಲಿ ಈ ಅಚ್ಚ ದೇಶೀ ಪದವನ್ನು ಈಗ ಹೆಚ್ಚಾಗಿ ಬರೆಯುತ್ತಾರೆ. ‘ತಾವು’ ಎಂಬ ಹಳೆಯ ಅರ್ಥದಿಂದ ಅದನ್ನು ಬೇರ್ಪಡಿಸಲು ಲಿಪಿಯೇ ನೆರವಾಗಿದೆ.

ಶೀಲದ ಗಡಿಯನ್ನು ಮುಟ್ಟುವ ಎರಡು ಪದಗಳನ್ನು ಸಂಕೋಚದಿಂದ ಬಿಟ್ಟುಬಿಟ್ಟರೆ ವಿವೇಚನೆ ಅಪೂರ್ಣವಾಗುತ್ತದೆ. ‘ಹೆನ್‌ತಾಯ್’ ಎಂಬುದಕ್ಕೆ ಜಪಾನಿಯಲ್ಲಿ ರೂಪಾಂತರ ಎಂಬುದು ಒಂದು ಅರ್ಥ. ಕಂಬಳಿಹುಳು ಚಿಟ್ಟೆಯಾಗುವುದನ್ನು ಜೀವಶಾಸ್ತ್ರಜ್ಞರು ಹೀಗೆಯೇ ಕರೆಯುತ್ತಾರೆ. ಇಪ್ಪತ್ತನೆಯ ಶತಮಾನದಲ್ಲಿ ಅದಕ್ಕೆ ಲೈಂಗಿಕ ವಿಕೃತಿ ಎಂಬ ಅರ್ಥ ಸೇರಿ, ಮಾತಿನಲ್ಲಿ ವಿಕೃತ ಮನುಷ್ಯನನ್ನು ಬಯ್ಯುವ ಪದವಾಯಿತು. ಈ ಪದವನ್ನು ರೋಮನ್ ಲಿಪಿಯಲ್ಲಿ ಬರೆದಾಗ ಬರುವ ಮೊದಲ ಅಕ್ಷರದ ಹೆಸರನ್ನು ಜಪಾನೀಯರು ‘ಎತ್ಚಿ’ ಎಂದು ಉಚ್ಚರಿಸುತ್ತಿದ್ದರು. ಅದೇ ತುಂಟತನದ, ಪೋಲಿತನದ ಸೌಮ್ಯವಾದ ಪದವಾಯಿತು. ಇಂಗ್ಲಿಷ್ ಅಕ್ಷರವೊಂದರ ಹೆಸರು ಜಪಾನಿನಲ್ಲಿ ಪದವಾಗಿ, ಮತ್ತೆ ರೋಮನ್ ಲಿಪಿಯಲ್ಲಿಯೇ ನಾಲ್ಕೈದು ಅಕ್ಷರಗಳಾಗಿ ಬೆಳೆದು ಇಂಗ್ಲಿಷಿಗೆ ಮರಳಿದ ಈ ಪ್ರಸಂಗಕ್ಕೆ ಸಾಟಿಯಾದುದು ನಮಗೆ ತಿಳಿದಿಲ್ಲ. ಹೊರಗಿನ ಅಭಿಮಾನಿಗಳು ಇವೆರಡನ್ನೂ ಚಿತ್ರಗಳ ವರ್ಗಗಳ ಹೆಸರಾಗಿಸಿಕೊಂಡರು: ಮೇಲುಮೇಲಿನ ಶೃಂಗಾರವಿದ್ದರೆ ಒಂದು, ಅಶ್ಲೀಲವಾದರೆ ಇನ್ನೊಂದು. ಈ ಎರಡು ಮೆಟ್ಟಿಲಿನ ಶ್ರೇಣಿ ಜಪಾನಿಯಲ್ಲಿ ಇಲ್ಲ. ಅಲ್ಲಿ ಅಂಥ ಪ್ರಕಟಣೆಗಳಿಗೆ ಬೇರೆ ಹೆಸರುಗಳಿವೆ. ಪದದ ಮೌಲ್ಯ ನೆರೆಯ ಪದಗಳಿಂದ ನಿರ್ಧಾರವಾಗುತ್ತದೆ ಎಂಬ ಸೊಸ್ಯೂರನ ಮಾತಿಗೆ ಇದು ಸಾಕ್ಷಿ. ಎರಡು ಪದಗಳು ಒಟ್ಟಿಗೆ ವಲಸೆ ಬಂದು ತಮ್ಮತಮ್ಮಲ್ಲಿ ಹೊಸ ಗಡಿ ಹಾಕಿಕೊಂಡಿವೆ.

ರೂಪರಚನೆಯ ವಿಷಯಕ್ಕೆ ಬಂದರೆ ಕನ್ನಡದ ವಿದ್ಯಾರ್ಥಿಗೆ ಹೆಚ್ಚಿನ ಲಾಭವಿದೆ. ಜಪಾನೀಯರು ಉದ್ದವಾದ ಪದಜೋಡಿಯಿಂದ ಎರಡೆರಡು ಮಾತ್ರೆಗಳನ್ನು ಕತ್ತರಿಸಿ ಹೊಸ ಪದ ಕಟ್ಟುತ್ತಾರೆ. ‘ಕಾಸ್ಟ್ಯೂಮ್ ಪ್ಲೇ’ ಎಂಬುದು ‘ಕೊಸುಪುರೆ’ ಆದುದು ಹೀಗೆ. 1980ರ ದಶಕದಲ್ಲಿ ಹರಡಿದ ಈ ಪದ ಇಂಗ್ಲಿಷಿಗೆ ‘ಕಾಸ್‌ಪ್ಲೇ’ ಆಗಿ ಮರಳಿ, ಪಾತ್ರದ ವೇಷ ಧರಿಸುವುದು ಎಂಬ ಅರ್ಥದಲ್ಲಿ ಕ್ರಿಯಾಪದವೂ ಆಗಿದೆ. ‘ಪಾಕೆಟ್ ಮಾನ್‌ಸ್ಟರ್’ ಎಂಬುದು ‘ಪೊಕೆಮೊನ್’ ಆದುದೂ, ‘ರಿಮೋಟ್ ಕಂಟ್ರೋಲ್’ ಎಂಬುದು ‘ರಿಮೊಕೊನ್’ ಆದುದೂ ಇದೇ ನಿಯಮದಿಂದ. ಎರಡು ಎರಡು ಮಾತ್ರೆಗಳ ಗಣವೆಂದರೆ ಷಟ್ಪದಿಯ ಲಯದಲ್ಲಿ ಪಳಗಿದ ಕಿವಿಗೆ ವಿವರಣೆ ಬೇಕಾಗಲಾರದು.

ಇನ್ನು ಪದಾಂತ್ಯದ ಸಂಗತಿ. ಜಪಾನೀ ಪದಗಳು ಸ್ವರದಲ್ಲಿ ಅಥವಾ ಅನುನಾಸಿಕದಲ್ಲಿ ಮಾತ್ರ ಮುಗಿಯುತ್ತವೆ. ಹೀಗಾಗಿ ವ್ಯಂಜನಾಂತವಾದ ಇಂಗ್ಲಿಷ್ ಪದಕ್ಕೆ ಅವರು ಸ್ವರವನ್ನು ಸೇರಿಸುತ್ತಾರೆ: ತಕಾರ ದಕಾರಗಳ ಮುಂದೆ ಸಾಮಾನ್ಯವಾಗಿ ಒಕಾರ, ಉಳಿದ ಹೆಚ್ಚಿನ ಕಡೆ ಉಕಾರ. ಕನ್ನಡವೂ ಇದನ್ನೇ ಮಾಡುತ್ತದೆ. ನಮ್ಮಲ್ಲಿ ಎಲ್ಲೆಡೆಯೂ ಉಕಾರ. ಅಷ್ಟೇ ಅಲ್ಲ, ಹ್ರಸ್ವಸ್ವರದ ಮುಂದಿನ ವ್ಯಂಜನವನ್ನು ಇಬ್ಬರೂ ದ್ವಿತ್ವಗೊಳಿಸುವುದುಂಟು. ಅವರ ‘ಬೆದ್ದೊ’ವಿಗೂ ನಮ್ಮ ‘ಬೆಡ್ಡು’ವಿಗೂ ಇರುವ ಹೋಲಿಕೆಯನ್ನು ಕಂಡು ಎರಡು ಭಾಷೆಗಳಿಗೆ ಬಾಂಧವ್ಯವಿದೆಯೆಂದು ಯಾರೂ ಭಾವಿಸಬಾರದು. ಜಪಾನೀ ಮತ್ತು ತಮಿಳು ಭಾಷೆಗಳ ಸಂಬಂಧವನ್ನು ಓನೊ ಸುಸುಮು ಅವರು ಬಹುಕಾಲ ಪ್ರತಿಪಾದಿಸಿದರು. ಭಾಷಾವಿಜ್ಞಾನಿಗಳಲ್ಲಿ ಹೆಚ್ಚಿನವರು ಅದನ್ನು ಒಪ್ಪಿಲ್ಲ. ಇಲ್ಲಿ ಕಾಣುವುದು ರಕ್ತಸಂಬಂಧವಲ್ಲ. ವ್ಯಂಜನಾಂತವನ್ನು ಸಹಿಸದ ಎರಡು ಭಾಷೆಗಳು ಒಂದೇ ತೊಡಕಿಗೆ ಕಂಡುಕೊಂಡ ಒಂದೇ ಬಗೆಯ ಪರಿಹಾರ.

ಈ ಉಕಾರದಿಂದಲೇ ‘ವೈಫು’ ಹುಟ್ಟಿತು. ಹೆಂಡತಿ ಎಂಬ ಅರ್ಥದ ಇಂಗ್ಲಿಷ್ ಪದ ಜಪಾನಿನಲ್ಲಿ ಈ ರೂಪ ತಾಳಿತು. 2002ರ ‘ಅಜುಮಂಗಾ ದಾಯೋ’ ಸರಣಿಯಲ್ಲಿ ಒಬ್ಬ ಶಿಕ್ಷಕನು ಭಾವಚಿತ್ರವೊಂದನ್ನು ಕುರಿತು ತನ್ನ ಪತ್ನಿಯೆಂದು ಇಂಗ್ಲಿಷಿನ ಜಪಾನೀ ಉಚ್ಚಾರದಲ್ಲಿ ಹೇಳುವ ನಗೆಯ ಪ್ರಸಂಗವಿದೆ. ಹೊರಗಿನ ಅಭಿಮಾನಿಗಳು ಆ ಉಚ್ಚಾರವನ್ನು ಹಾಗೆಯೇ ಉಳಿಸಿಕೊಂಡು, ತಾವು ಮನಸಾರೆ ಮೆಚ್ಚಿದ ಕಲ್ಪಿತ ಸ್ತ್ರೀಪಾತ್ರಕ್ಕೆ ‘ವೈಫು’ ಎಂದರು. ಪುರುಷಪಾತ್ರಕ್ಕೂ ಹೆಸರು ಬೇಕಾಯಿತು. ‘ಹಸ್ಬಂಡೊ’ ಎಂಬುದನ್ನು ಅವರೇ ಕಟ್ಟಿದರು. ಇದು ಜಪಾನೀ ಪದವಲ್ಲ. ಜಪಾನೀಯರು ಆ ಇಂಗ್ಲಿಷ್ ಪದವನ್ನು ಉಚ್ಚರಿಸಬೇಕಾದರೆ ‘ಹಜುಬಂದೊ’ ಎನ್ನುತ್ತಾರೆ. ಆದರೆ ಕೊನೆಯಲ್ಲಿ ಸೇರಿದ ಸ್ವರವನ್ನು ಗಮನಿಸಬೇಕು. ‘ವೈಫು’ವಿನಲ್ಲಿ ಉಕಾರವಿದ್ದರೂ ಇಲ್ಲಿ ಅವರು ಒಕಾರವನ್ನೇ ಹಾಕಿದ್ದಾರೆ. ದಕಾರದ ಮುಂದೆ ಒಕಾರ ಎಂಬ ನಿಯಮವನ್ನು ಯಾರೂ ಪಾಠ ಹೇಳಿರಲಿಲ್ಲ. ಕೇಳಿ ಕೇಳಿ ಅದು ಅವರಿಗೆ ವಶವಾಗಿತ್ತು. ಎರವಲು ಪಡೆದ ಸಮುದಾಯವು ಪದಗಳ ಜೊತೆಗೆ ಪದ ಕಟ್ಟುವ ನಿಯಮವನ್ನೂ ಎರವಲು ಪಡೆದಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ದೊರೆಯುವುದು ಕಷ್ಟ. ‘ಅನ್ಯಲೋಕ’ ಎಂಬ ಅರ್ಥದ ‘ಇಸೆಕಾಯ್’ ಕಥೆಗಳಲ್ಲಿ ನಾಯಕನು ಲಾರಿಗೆ ಸಿಕ್ಕಿ ಸತ್ತು ಬೇರೊಂದು ಲೋಕದಲ್ಲಿ ಹುಟ್ಟುವುದು ಸವೆದ ದಾರಿಯಾಗಿದೆ. ಅಭಿಮಾನಿಗಳು ಆ ಲಾರಿಗೆ ಕಿರಿಯರ ಹೆಸರಿಗೆ ಸೇರಿಸುವ ‘ಕುನ್’ ಪ್ರತ್ಯಯವನ್ನು ಹಚ್ಚಿ ‘ಟ್ರಕ್-ಕುನ್’ ಎಂದು ಕರೆಯುತ್ತಾರೆ. ಪ್ರತ್ಯಯವೊಂದು ಹಾಸ್ಯಕ್ಕೆ ಒದಗಬೇಕಾದರೆ ಅದರ ನಿಜವಾದ ಬಳಕೆ ಗೊತ್ತಿರಬೇಕಷ್ಟೆ.

ಯಾವ ಪದಗಳನ್ನು ಎರವಲು ಪಡೆಯಲಾಯಿತು ಎಂಬ ಪ್ರಶ್ನೆಗೆ ಈಗ ಬರಬಹುದು. ಇಂಗ್ಲಿಷಿನಲ್ಲಿ ಮಧ್ಯಮಪುರುಷಕ್ಕೆ ಒಂದೇ ಸರ್ವನಾಮ. ಹೆಸರಿನ ಮುಂದೆ ಬರುವ ಗೌರವ ಪ್ರತ್ಯಯಗಳಿಲ್ಲ. ಒಡಹುಟ್ಟಿದವರಲ್ಲಿ ಹಿರಿಯ ಕಿರಿಯರಿಗೆ ಪ್ರತ್ಯೇಕ ಪದಗಳಿಲ್ಲ. ಆದುದರಿಂದ ‘ಸಾನ್’, ‘ಸಾಮಾ’, ‘ಚಾನ್’ ಪ್ರತ್ಯಯಗಳನ್ನೂ ಅಣ್ಣ, ಅಕ್ಕ ಎಂಬ ಸಂಬೋಧನೆಗಳನ್ನೂ ಹಿರಿಯ ಸಹಪಾಠಿ ಎಂಬ ಅರ್ಥದ ‘ಸೆನ್‌ಪಾಯ್’ ಎಂಬುದನ್ನೂ ಉಪಶೀರ್ಷಿಕೆಕಾರರು ಹಾಗೆಯೇ ಉಳಿಸಿದರು. ಅವರಿಗೆ ಅದು ಅನಿವಾರ್ಯವೆನಿಸಿರಬೇಕು. ಕನ್ನಡಕ್ಕೆ ಈ ಅನಿವಾರ್ಯತೆ ಇಲ್ಲವೇ ಇಲ್ಲ. ಜಪಾನಿಯ ‘ಅನಿ’, ‘ಒತೋತೊ’, ‘ಅನೆ’, ‘ಇಮೋತೊ’ ಎಂಬ ನಾಲ್ಕು ಪದಗಳು ಕನ್ನಡದ ಅಣ್ಣ, ತಮ್ಮ, ಅಕ್ಕ, ತಂಗಿಯರಿಗೆ ಒಂದಕ್ಕೊಂದು ಸರಿಹೊಂದುತ್ತವೆ. ಅಪರಿಚಿತನನ್ನು ‘ಅಣ್ಣಾ’ ಎಂದು ಕೂಗುವ ನಮ್ಮ ರೂಢಿ ಕೂಡ ಅಲ್ಲಿದೆ. ‘ನೀನು’, ‘ನೀವು’, ‘ತಾವು’ಗಳ ಅಂತರ, ಹೆಸರಿಗೆ ಸೇರುವ ‘ಅವರು’, ‘ರಾಯರು’, ‘ಅಮ್ಮ’, ‘ಅಪ್ಪ’ಗಳು ಜಪಾನೀ ಮರ್ಯಾದೆಯ ಬಹುಪಾಲನ್ನು ಹೊರಬಲ್ಲುವು. ಹೀಗಿದ್ದರೂ ನಮ್ಮ ಎಳೆಯರ ಮಾತಿನಲ್ಲಿ ‘ಸೆನ್‌ಪಾಯ್’ ಬರುತ್ತಿದ್ದರೆ, ಅವರು ಎರವಲು ಪಡೆಯುತ್ತಿರುವುದು ಜಪಾನಿಯ ಸಂಪತ್ತನ್ನಲ್ಲ, ಇಂಗ್ಲಿಷಿನ ಕೊರತೆಯನ್ನು.

ಅನಿವಾರ್ಯತೆಯೇ ಇಲ್ಲದ ಕಡೆಯೂ ಪದವನ್ನು ಉಳಿಸಿಕೊಂಡ ಉದಾಹರಣೆಗಳಿವೆ. ‘ನಕಾಮಾ’ ಎಂಬುದು ಜಪಾನಿಯಲ್ಲಿ ಸಾಧಾರಣ ಪದ: ಜೊತೆಗಾರ, ಒಂದೇ ಗುಂಪಿನವನು. ಎದೊ ಕಾಲದ ವರ್ತಕರ ಶ್ರೇಣಿಗಳಿಗೂ ‘ಕಬುನಕಾಮಾ’ ಎಂಬ ಹೆಸರಿತ್ತು. ಓದಾ ಎಯ್‌ಇಚಿರೊ ಅವರು 1997ರಲ್ಲಿ ಆರಂಭಿಸಿದ ‘ವನ್ ಪೀಸ್’ ಕಥೆಯಲ್ಲಿ ಕಡಲುಗಳ್ಳರ ತಂಡವೊಂದರ ಪರಸ್ಪರ ನಿಷ್ಠೆ ಮುಖ್ಯ ಸಂಗತಿ. ಅದರ ಅಭಿಮಾನಿ ಉಪಶೀರ್ಷಿಕೆಗಳಲ್ಲಿ ಈ ಪದ ಅನುವಾದವಾಗದೆ ಉಳಿದುದರಿಂದ, ಗೆಳೆತನಕ್ಕಿಂತ ಮಿಗಿಲಾದ, ಕುಟುಂಬಕ್ಕೆ ಸಮನಾದ ಒಂದು ಅನುವಾದಾತೀತ ಬಂಧವನ್ನು ಅದು ಹೇಳುತ್ತದೆಯೆಂಬ ನಂಬಿಕೆ ಬೆಳೆಯಿತು. ಕಥೆಯ ಭಾವವೆಲ್ಲ ಪದದೊಳಕ್ಕೆ ಇಳಿಯಿತು. ಕನ್ನಡದ ‘ಒಡನಾಡಿ’ ಈ ಪದಕ್ಕೆ ತಕ್ಕುದಾದ ಅನುವಾದವೆಂದು ನಮಗೆ ತೋರುತ್ತದೆ. ಆದರೆ ಅಭಿಮಾನಿಗಳ ‘ನಕಾಮಾ’ಗೆ ಅದು ಸಾಲದು, ಏಕೆಂದರೆ ಆ ಪದ ಈಗ ಜಪಾನಿಯದಲ್ಲ. ಈ ಅತಿರೇಕವನ್ನು ಕುರಿತು ಅಭಿಮಾನಿಗಳೇ ನಗುವುದೂ ಉಂಟು. ‘ಯೋಜನೆ’ ಎಂಬ ಸರಳ ಅರ್ಥದ ‘ಕೇಯ್‌ಕಾಕು’ ಎಂಬ ಪದವನ್ನು ಅನುವಾದಿಸದೆ ಬಿಟ್ಟು, ಅದರ ಅರ್ಥ ಯೋಜನೆ ಎಂದು ಪಕ್ಕದಲ್ಲಿ ಟಿಪ್ಪಣಿ ಬರೆದ ಉಪಶೀರ್ಷಿಕೆಯೊಂದು ಅವರ ನಡುವೆ ಗಾದೆಯಂತೆ ಹಬ್ಬಿದೆ.

ಇದಕ್ಕೆ ವಿರುದ್ಧವಾಗಿ ‘ತ್ಸುಂದೆರೆ’ ಎಂಬ ಪದವನ್ನು ಉಳಿಸಿಕೊಂಡುದಕ್ಕೆ ಬಲವಾದ ಕಾರಣವಿದೆ. ‘ತ್ಸುನ್‌ತ್ಸುನ್’ ಎಂದರೆ ಮುಖ ತಿರುಗಿಸುವ ಬಿಗುಮಾನ, ಸಿಡುಕು. ‘ದೆರೆದೆರೆ’ ಎಂದರೆ ಒಲವಿನಲ್ಲಿ ಕರಗಿ ನೀರಾಗುವುದು. ಎರಡೂ ಜಪಾನಿಯ ಅನುಕರಣ ಶಬ್ದಗಳು. ಇವುಗಳಿಂದ ಎರಡೆರಡು ಮಾತ್ರೆ ಕತ್ತರಿಸಿ ಜೋಡಿಸಿದಾಗ, ಹೊರಗೆ ಸಿಡುಕಿ ಒಳಗೆ ಒಲಿಯುವ ನಾಯಿಕೆಯ ಹೆಸರಾಯಿತು. ಮನಸ್ಸಿನ ಸ್ಥಿತಿಯನ್ನು ಅನುಕರಣ ಶಬ್ದದಿಂದ ಹೇಳುವ ಶಕ್ತಿ ಇಂಗ್ಲಿಷಿಗೆ ಕಡಮೆ, ಕನ್ನಡಕ್ಕೆ ಧಾರಾಳವಾಗಿದೆ. ‘ಸಿಡಿಮಿಡಿ’, ‘ಕಸಿವಿಸಿ’, ‘ದುಮುದುಮು’ಗಳನ್ನು ಬಲ್ಲವನಿಗೆ ‘ತ್ಸುನ್‌ತ್ಸುನ್’ ಏನೆಂದು ಒಡನೆ ಹೊಳೆಯುತ್ತದೆ, ಇಂಗ್ಲಿಷ್ ಓದುಗನಿಗೆ ಅದು ಅರ್ಥವಿಲ್ಲದ ಧ್ವನಿ. ಇಂಗ್ಲಿಷಿನ ಬಳಗದಲ್ಲಿ ಪದ ಒಡೆದು ಉಳಿದುದು ‘ದೆರೆ’ ಎಂಬ ತುಣುಕು, ಅದು ನಾಯಿಕೆಯ ಬಗೆಗಳನ್ನು ಹೇಳುವ ಪ್ರತ್ಯಯದಂತಾಗಿದೆ: ಪ್ರೇಮದಿಂದ ಬುದ್ಧಿಗೆಟ್ಟವಳು ‘ಯಂದೆರೆ’, ತಣ್ಣನೆಯವಳು ‘ಕೂದೆರೆ’, ಮೌನಿ ‘ದಂದೆರೆ’. ಇವೂ ಜಪಾನಿನಲ್ಲಿಯೇ ಹುಟ್ಟಿದುವು. ಭರತನ ಅಷ್ಟನಾಯಿಕೆಯರು ಇಲ್ಲಿ ನೆನಪಾಗುವುದು ಸಹಜ. ಆದರೆ ಖಂಡಿತೆ, ಕಲಹಾಂತರಿತೆ ಮೊದಲಾದುವು ಒಬ್ಬಳೇ ನಾಯಿಕೆಗೆ ಬೇರೆ ಬೇರೆ ಹೊತ್ತಿನಲ್ಲಿ ಒದಗುವ ಅವಸ್ಥೆಗಳು. ‘ದೆರೆ’ ಬಗೆಗಳು ಸ್ವಭಾವಗಳು, ಪಾತ್ರಕ್ಕೆ ಹುಟ್ಟಿನಿಂದಲೇ ಅಂಟಿದುವು. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಲಾಗದು.

ಭಾರತೀಯ ಓದುಗರಿಗೆ ಈ ಸಾಮಗ್ರಿಯಲ್ಲಿ ಮತ್ತೊಂದು ಆಕರ್ಷಣೆಯಿದೆ. ಬೌದ್ಧಧರ್ಮದೊಡನೆ ಚೀನಾದ ಮೂಲಕ ಜಪಾನಿಗೆ ಹೋದ ಸಂಸ್ಕೃತ ಪದಗಳು ಅನಿಮೆಯ ಮೂಲಕ ನಮ್ಮಲ್ಲಿಗೆ ಗುರುತು ಸಿಗದ ವೇಷದಲ್ಲಿ ಮರಳುತ್ತಿವೆ. ತಕಾಹಾಶಿ ರುಮಿಕೊ ಅವರ ‘ಇನುಯಶಾ’ ಕಥೆಯ ನಾಯಕನ ಹೆಸರಿನಲ್ಲಿ ‘ಇನು’ ಎಂದರೆ ನಾಯಿ, ‘ಯಶಾ’ ಎಂದರೆ ನಮ್ಮ ಯಕ್ಷ. ಅದೇ ಕಥೆಯ ಖಳನ ಹೆಸರು ‘ನರಾಕು’, ಅದು ನರಕ. ‘ಸೆತ್ಸುನಾ’ ಎಂಬ ಪಾತ್ರನಾಮ ಹಲವು ಸರಣಿಗಳಲ್ಲಿ ಬರುತ್ತದೆ; ಅದು ಕ್ಷಣ. ‘ರಾಸೆತ್ಸು’ ರಾಕ್ಷಸ. ಯಜಮಾನ, ಗಂಡ ಎಂಬ ಅರ್ಥದ ‘ದನ್ನಾ’ ಸಂಸ್ಕೃತದ ‘ದಾನ’ದಿಂದ ಬಂದುದು: ದಾನ ಕೊಡುವವನು ಪೋಷಕನಾಗಿ, ಪೋಷಕ ಒಡೆಯನಾಗಿ, ಒಡೆಯ ಗಂಡನಾದನು. ಅಭಿಮಾನಿಗಳು ಎಲ್ಲಕ್ಕಿಂತ ಮೊದಲು ಕಲಿಯುವ ‘ಬಾಕಾ’ ಎಂಬ ಬೈಗುಳಕ್ಕೆ, ಎಂದರೆ ಮೂರ್ಖನಿಗೆ, ‘ಮೋಹ’ವೇ ಮೂಲವೆಂಬ ವಾದವನ್ನು ಜಪಾನೀ ನಿಘಂಟುಗ���ು ಉಲ್ಲೇಖಿಸುತ್ತವೆ, ಅದು ನಿರ್ವಿವಾದವಲ್ಲ. ಯಕ್ಷ ಪದ ಪ್ರಾಕೃತದ ದಾರಿಯಲ್ಲಿ ಕನ್ನಡಕ್ಕೆ ಬಂದು ‘ಜಕ್ಕ’ ಆಯಿತು, ಚೀನಾದ ದಾರಿಯಲ್ಲಿ ಜಪಾನಿಗೆ ಹೋಗಿ ‘ಯಶಾ’ ಆಯಿತು. ಕೇಶಿರಾಜನ ಅರ್ಥದಲ್ಲಿ ಎರಡೂ ತದ್ಭವಗಳೇ. ಆದರೆ ಅನಿಮೆಯಿಂದ ನಮ್ಮ ಮಕ್ಕಳ ಬಾಯಿಗೆ ಬಂದ ‘ಯಶಾ’ವನ್ನು ಸಂಸ್ಕೃತ ಮೂಲದ ಪದವೆಂದು ಪಟ್ಟಿಗೆ ಸೇರಿಸಬಹುದೆ? ಸೇರಿಸಬಾರದೆಂದೇ ನಮ್ಮ ಅಭಿಪ್ರಾಯ. ಮೂಲವನ್ನು ಹೇಳಿದರೆ ದಾರಿಯನ್ನು ಹೇಳಿದಂತಾಗುವುದಿಲ್ಲ.

ದಾರಿ ಧ್ವನಿಯಲ್ಲಿಯೂ ಗುರುತು ಬಿಡುತ್ತದೆ. ಜಪಾನಿಯ ತಕಾರ ದಂತ್ಯ. ನಮ್ಮ ‘ತ’ ಅದಕ್ಕೆ ಸರಿಯಾಗಿ ಒಪ್ಪುತ್ತದೆ. ಇಂಗ್ಲಿಷಿನವರ ತಕಾರವನ್ನು ಭಾರತೀಯರು ‘ಟ’ ಎಂದು ಕೇಳುತ್ತಾರೆ. ಹೀಗಾಗಿ ‘ಒತಕು’ ಕನ್ನಡದಲ್ಲಿ ‘ಒಟಾಕು’ ಆಗುತ್ತದೆ. ನಡುವಿನ ದೀರ್ಘವೂ ಇಂಗ್ಲಿಷ್ ಸ್ವರಭಾರದ ಕೊಡುಗೆ. ಬಿಡದಿಯ ಕಾರ್ಖಾನೆಯ ಹೆಸರನ್ನು ‘ಟೊಯೊಟಾ’ ಎಂದೂ ರಾಜಧಾನಿಯನ್ನು ‘ಟೋಕಿಯೊ’ ಎಂದೂ ಬರೆಯುವಾಗ ನಾವು ಅರಿಯದೆಯೇ ಇಂಗ್ಲಿಷಿನ ಮಧ್ಯಸ್ಥಿಕೆಯನ್ನು ದಾಖಲಿಸುತ್ತೇವೆ. ರೋಮನ್ ಲಿಪಿಯಲ್ಲಿ ದೀರ್ಘಸ್ವರದ ಗುರುತನ್ನು ಬಿಡುವ ರೂಢಿಯಿಂದ ಇನ್ನೊಂದು ಅಪಾಯವಿದೆ. ಜಪಾನಿಯ ‘ಶೋಜೊ’ ಎಂದರೆ ಹುಡುಗಿ, ಹುಡುಗಿಯರಿಗಾಗಿ ಬರೆದ ಮಂಗಾಗಳ ವರ್ಗಕ್ಕೂ ಅದೇ ಹೆಸರು. ಮೊದಲ ಸ್ವರ ಹ್ರಸ್ವವಾದ ‘ಶೊಜೊ’ ಎಂದರೆ ಕನ್ಯೆ. ರೋಮನ್ ಬರೆಹದಲ್ಲಿ ಇವೆರಡೂ ಒಂದೇ ಆಗಿಬಿಡುತ್ತವೆ. ಎಕಾರ ಒಕಾರಗಳಲ್ಲಿ ಹ್ರಸ್ವದೀರ್ಘ ಭೇದವನ್ನು ಲಿಪಿಯಲ್ಲಿಯೇ ತೋರಿಸಬಲ್ಲ ಕನ್ನಡಕ್ಕೆ ಈ ತೊಡಕು ಇರಬೇಕಾಗಿಲ್ಲ. ಈ ವಿಷಯದಲ್ಲಿ ನಮ್ಮ ಲಿಪಿ ದೇವನಾಗರಿಗಿಂತಲೂ ಜಪಾನಿಗೆ ಹತ್ತಿರವಾಗಿದೆ. ಜಪಾನಿಯಿಂದ ನೇರವಾಗಿ ಅನುವಾದಿಸುವವರು ‘ತ’ವನ್ನೂ ಸ್ವರಗಳ ಅಳತೆಯನ್ನೂ ಕಾಪಾಡಬೇಕೆಂಬುದು ನಮ್ಮ ಸೂಚನೆ. ಆದರೆ ಜನರ ಮಾತನ್ನು ದಾಖಲಿಸುವವರು ‘ಒಟಾಕು’ವನ್ನು ತಿದ್ದಿ ‘ಒತಕು’ ಎಂದು ಬರೆದರೆ ಸಾಕ್ಷ್ಯವನ್ನು ಅಳಿಸಿದಂತಾಗುತ್ತದೆ.

ಇಂಗ್ಲಿಷಿನ ನಿಘಂಟುಕಾರರು ಈ ಕೆಲಸವನ್ನು ಆರಂಭಿಸಿದ್ದಾರೆ. 2024ರ ಮಾರ್ಚ್ ತಿಂಗಳಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿಗೆ ಸೇರಿದ ಜಪಾನೀ ಮೂಲದ ಪದಗಳಲ್ಲಿ ‘ಇಸೆಕಾಯ್’, ಮಂಗಾ ರಚಿಸುವವನನ್ನು ಹೇಳುವ ‘ಮಂಗಾಕಾ’, ವಿಶೇಷ ತಂತ್ರಗಳ ಚಿತ್ರಗಳನ್ನು ಹೇಳುವ ‘ತೊಕುಸತ್ಸು’ ಇವೆ. ಜೊತೆಗೆ ‘ಕತ್ಸು’ ಎಂಬ ತಿನಿಸೂ ಇದೆ. ಅದು ಇಂಗ್ಲಿಷಿನ ‘ಕಟ್ಲೆಟ್’ ಜಪಾನಿನಲ್ಲಿ ‘ಕತ್ಸುರೆತ್ಸು’ ಆಗಿ, ಮೊಟಕಾಗಿ ಮರಳಿದುದು. ನಮ್ಮ ಹೋಟೆಲುಗಳ ಕಟ್ಲೆಟ್ಟಿಗೆ ದಾಯಾದಿ.

ಕನ್ನಡದಲ್ಲಿ ಇಂಥ ದಾಖಲೆಗೆ ತೊಡಗುವವರ ಎದುರು ಬರಬಹುದಾದ ಒಂದು ತೊಡಕನ್ನು ಇಲ್ಲಿ ಹೇಳಬೇಕು. ಪುಣೆಯ ಅಥವಾ ಚೆನ್ನೈಯ ಒಂದು ಕನ್ನಡ ಮನೆಯಲ್ಲಿ ಕ್ಷೇತ್ರಕಾರ್ಯ ಮಾಡುವವರು ‘ವೈಫು’ ಎಂಬ ಪದವನ್ನು ತಂದೆಯ ಬಾಯಲ್ಲಿಯೂ ಮಗನ ಬಾಯಲ್ಲಿಯೂ ಕೇಳಿದರೆಂದು ಇಟ್ಟುಕೊಳ್ಳೋಣ. ತಂದೆಯ ‘ವೈಫು’ ಇಂಗ್ಲಿಷಿನಿಂದ ನೇರವಾಗಿ ಬಂದು, ಕನ್ನಡದ ಉಕಾರವನ್ನು ಪಡೆದುದು, ಅರ್ಥ ಹೆಂಡತಿ. ಮಗನ ‘ವೈಫು’ ಇಂಗ್ಲಿಷಿನಿಂದ ಜಪಾನಿಗೆ ಹೋಗಿ, ಅಲ್ಲಿಯ ಉಕಾರವನ್ನು ಪಡೆದು, ಅಭಿಮಾನಿಗಳ ಇಂಗ್ಲಿಷಿಗೆ ಮರಳಿ, ಆ ಬಳಿಕ ಕನ್ನಡಕ್ಕೆ ಬಂದುದು; ಅರ್ಥ ಮೆಚ್ಚಿನ ಕಲ್ಪಿತ ಪಾತ್ರ. ಬರೆಹದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ, ಕಿವಿಗೂ ಇಲ್ಲ. ಮೂಲ ಎರಡಕ್ಕೂ ಒಂದೇ ಇಂಗ್ಲಿಷ್ ಪದ. ಆದರೂ ನಿಘಂಟಿನಲ್ಲಿ ಇವುಗಳನ್ನು ಒಂದೇ ಉಲ್ಲೇಖದ ಎರಡು ಅರ್ಥಗಳಾಗಿ ಕೊಡದೆ, ಎರಡು ಪ್ರತ್ಯೇಕ ಉಲ್ಲೇಖಗಳಾಗಿ, ಪ್ರತಿಯೊಂದರ ದಾರಿಯನ್ನೂ ನಮೂದಿಸಿ ಕೊಡಬೇಕೆಂದು ನಾವು ಸೂಚಿಸುತ್ತೇವೆ. ಎರಡನೆಯದರ ಬಹುವಚನ ‘ವೈಫುಗಳು’ ಎಂದಾಗುವುದೋ, ಮೊದಲನೆಯದರಂತೆ ಮಾನವವಾಚಕದ ‘ಅವರು’ ಪ್ರಯೋಗ ಅದಕ್ಕೂ ಸಲ್ಲುವುದೋ ಎಂಬುದನ್ನು ಆ ಮಗನನ್ನೇ ಕೇಳಿ ಬರೆದುಕೊಳ್ಳಬೇಕು.